ಹಿಂದಿನ ಲೈಟು ಯಾರದು?

ಬೈಕ್ ಓಡಿಸೋನಿಗೆ ತನ್ನ ಬೈಕಿನ ಒಂದು ಲೈಟ್ ಮಾತ್ರ ಕಾಣೋದೇ ಇಲ್ಲ. ಹಿಂದಿನದು. ಹೆಡ್‌ಲೈಟ್ ಮಂಕಾದ್ರೆ ಅವತ್ತು ರಾತ್ರೀನೇ ಗೊತ್ತಾಗುತ್ತೆ, ಮರುದಿನ ಮಿಸ್ತ್ರಿ ಹತ್ರ ಹೋಗ್ತೀವಿ. ಹಾರ್ನ್ ನಿಂತ್ರೂ ಅಷ್ಟೇ. ಟೇಲ್ ಲೈಟ್ ಸತ್ತು ಆರು ತಿಂಗಳಾದ್ರೂ ನಮ್ಮ ಓಡಾಟಕ್ಕೆ ಏನೂ ಕಡಿಮೆಯಾಗಲ್ಲ. ಬಲ್ಬ್ ನಮ್ಮದು, ವೈರ್ ನಮ್ಮದು. ಬೆಳಕು ಮಾತ್ರ ಹಿಂದೆ ಬರೋ ಗುರುತಿಲ್ಲದವನದು. ಹಾಗಿದ್ರೆ ಅದನ್ನ ಸರಿಯಾಗಿ ಇಟ್ಟುಕೊಳ್ಳೋದು ಉಪಕಾರವೋ, ಸಾಲವೋ?

ನಮ್ಮ ಕಡೆ ಹಳೆ ಬೈಕ್‌ಗಳು ಸಾಯೋದಿಲ್ಲ. ಅಪ್ಪನಿಂದ ಮಗನಿಗೆ, ಮಗನಿಂದ ಹೊಲಕ್ಕೆ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಹೊತ್ತು ಯಲಬುರ್ಗಾದ ಎರೆಮಣ್ಣಲ್ಲೂ ಓಡ್ತಾವೆ, ಗಂಗಾವತಿಯ ಗದ್ದೆ ಕೆಸರಲ್ಲೂ ಓಡ್ತಾವೆ. ಆ ಮಣ್ಣು ಹಿಂದಿನ ಮಡ್‌ಗಾರ್ಡ್ ಒಳಗೆ ಒಣಗಿ ಕಲ್ಲಾಗುತ್ತೆ. ಟೇಲ್ ಲೈಟಿನ ವೈರ್ ಹೋಗೋದೂ ಅಲ್ಲೇ.

ಈ ಹಳೆ ಬಲ್ಬಿನೊಳಗೆ ಎರಡು ಫಿಲಮೆಂಟ್ ಇರ್ತಾವೆ. ಒಂದು ಬ್ರೇಕಿಗೆ, ಇನ್ನೊಂದು ಸದಾ ಉರಿಯೋ ಮಂದ ಬೆಳಕಿಗೆ. ಮಂದದ್ದು ಸುಟ್ಟುಹೋಗಿ ಬ್ರೇಕಿನದು ಬದುಕಿರಬಹುದು. ಬ್ರೇಕ್ ತುಳಿದು "ಲೈಟ್ ಹತ್ತತೈತಿ ಬಿಡೋ" ಅನ್ನೋರು ಇದನ್ನ ಗಮನಿಸಿರಲ್ಲ.

ಬಲ್ಬ್ ಸರಿ ಇದ್ದೂ ಹತ್ತದಿದ್ರೆ ನನ್ನ ಮೊದಲ ಅನುಮಾನ ಅರ್ಥಿಂಗ್ ಮೇಲೆ. ಕರೆಂಟಿಗೆ ಹೋಗೋ ದಾರಿ ಎಷ್ಟು ಬೇಕೋ ವಾಪಸ್ ಬರೋ ದಾರೀನೂ ಅಷ್ಟೇ ಬೇಕು. ಆ ಜಾಗದ ಬೋಲ್ಟ್ ತುಕ್ಕು ಹಿಡಿದ್ರೆ ಕರೆಂಟು ಪಕ್ಕದ ಬಲ್ಬಿನ ಮೂಲಕ ಕಳ್ಳದಾರಿ ಹುಡುಕುತ್ತೆ. ಇಂಡಿಕೇಟರ್ ಹಾಕಿದಾಗ ಟೇಲ್ ಲೈಟೂ ಮಂಕಾಗಿ ಮಿಟುಕೋದು ಹೆಚ್ಚಾಗಿ ಅದಕ್ಕೇ. ಎಂಜಿನ್ ಚಾಲೂ ಇಟ್ಟು, ಒಂದು ತುಂಡು ವೈರನ್ನ ಹೋಲ್ಡರಿನ ಬಾಡಿಯಿಂದ ಎಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿ. ಹತ್ತಿದ್ರೆ ರೋಗ ಸಿಕ್ತು. ಬೋಲ್ಟ್ ಬಿಚ್ಚಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ. ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿಯಷ್ಟೂ ಖರ್ಚಿಲ್ಲ. ಅಂದ್ರೆ ಬಡತನದ ಮಾತನ್ನ ಇಲ್ಲಿ ತರೋ ಹಾಗಿಲ್ಲ.

"ಹಿಂದ್ ಬರಾವ್ರಿಗೆ ಅವರದೇ ಹೆಡ್‌ಲೈಟ್ ಇರ್ತೈತಲ್ಲೋ ತಮ್ಮಾ" ಅಂತಾರೆ ನಮ್ಮ ಕಾಕಾ. ಒಳ್ಳೆ ವಾದವೇ. ಆದ್ರೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎದುರಿಂದ ಲಾರಿ ಬಂದಾಗ ಹಿಂದಿನವನು ಡಿಪ್ ಮಾಡ್ತಾನೆ, ಮೇಲಾಗಿ ಎದುರಿನ ಬೆಳಕು ಅವನ ಕಣ್ಣು ಕುಕ್ಕುತ್ತೆ. ಲೈಟಿಲ್ಲದ ಬೈಕ್ ಕಾಣೆಯಾಗೋದು ಆ ಹೊತ್ತಲ್ಲೇ. ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣುತ್ತೆ ಅಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರೋನಿಗೆ ಅದು ಹತ್ತಿರತ್ತಿರ ಏಳು ಸೆಕೆಂಡ್. ದೀಪವಿಲ್ಲದೆ 40 ಮೀಟರಿಗೆ ಬಂದಾಗ ಕಂಡ್ರೆ ಎರಡು ಸೆಕೆಂಡೂ ಇಲ್ಲ. ಆ ಐದು ಸೆಕೆಂಡ್ ಅವನದು. ನಾವು ಕೊಡೋ ದಾನ ಅಲ್ಲ.

"ಹೋಗಿದ್ದು ನನಗೆ ಗೊತ್ತಿರ್ಲಿಲ್ಲ" ಅನ್ನೋದು ಇನ್ನೊಂದು ಉತ್ತರ. ಕತ್ತಲಾದ ಮೇಲೆ ಟೇಲ್ ಲೈಟಿನ ಹಿಂದೆ ಅಂಗೈ ಹಿಡಿದ್ರೆ ಕೈ ಕೆಂಪಾಗಬೇಕು. ಇಷ್ಟು ಸುಲಭವಾಗಿ ಗೊತ್ತಾಗೋದನ್ನ ಗೊತ್ತಿಲ್ಲ ಅನ್ನೋಕೆ ಬರಲ್ಲ. (ಯಾರೂ ಲಾಗ್ ತೆಗೆದು ನೋಡದ ಸರ್ವರನ್ನ ಆಫೀಸಿನಲ್ಲಿ ನಾವು "ಎರರ್ ಇಲ್ಲ" ಅಂತ ರಿಪೋರ್ಟ್ ಮಾಡ್ತೀವಲ್ಲ, ಅದೇ ಜಾತಿಯದು ಇದು.) 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಎಂಜಿನ್ ಶುರುವಾದ್ರೆ ಹೆಡ್‌ಲೈಟ್ ತಾನಾಗೇ ಹತ್ತಬೇಕು ಅನ್ನೋ ನಿಯಮ ಬಂತು. ಹಳೆ ಬೈಕಲ್ಲಿ ಸ್ವಿಚ್ ಇನ್ನೂ ನಮ್ಮ ಹೆಬ್ಬೆರಳ ಕೆಳಗೇ ಇದೆ.

ನನ್ನನ್ನ ಹೆಚ್ಚು ಕಾಡೋದು ಬೇರೇದು. ಓಡಿಸೋನಿಗೆ ಕಾಣದ ಫಾಲ್ಟ್ ಹಿಂದಿನವನಿಗೆ ಕಾಣುತ್ತೆ, ಕಾಣೋದು ಅವನೊಬ್ಬನಿಗೇ. ಕಂಡ ಮೇಲೆ ಸುಮ್ಮನೆ ಓವರ್‌ಟೇಕ್ ಮಾಡಿ ಹೋದ್ರೆ ಆ ಕತ್ತಲೆಯಲ್ಲಿ ಅವನದೂ ಒಂದು ಪಾಲು ಇದೆ ಅಂತ ನನಗನ್ನಿಸುತ್ತೆ. ಹಾಗಾಗಿ ನಾನು ಹೇಳೇ ಹೋಗ್ತೀನಿ. ಬೈಕಿನವರು ಸಾಮಾನ್ಯವಾಗಿ "ಹೌದೇನ್ರಿ?" ಅಂತ ತಿರುಗಿ ನೋಡ್ತಾರೆ. ಕೊಯ್ಲಿನ ಟೈಮಲ್ಲಿ ಭತ್ತ ಹೇರಿದ ಟ್ರ್ಯಾಕ್ಟರ್‌ಗಳದ್ದೇ ಬೇರೆ ಕಥೆ. ಹೋದ ಸಲ ಗಂಗಾವತಿಗೆ ಹೋಗುವಾಗ ಮುಂದೊಂದು ಟ್ರೇಲರ್, ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಪಕ್ಕಕ್ಕೆ ಹೋಗಿ ಕೂಗಿ ಹೇಳಿದೆ. ಡ್ರೈವರ್ ಹಾಡಿನ ಸೌಂಡ್ ಕಡಿಮೆ ಮಾಡಿ, "ಗೊತ್ತೈತ್ರೀ ಅಣ್ಣಾ, ಮಿಲ್ ಇಲ್ಲೇ ಐತಿ" ಅಂದ. ಗಂಗಾವತಿ ಇನ್ನೂ ಆರು ಕಿಲೋಮೀಟರ್ ಇತ್ತು.