ನಾಗವಲ್ಲಿಯ ಅಳು, ರಾಜನ ಆಯಸ್ಸು

ಕುಂದಾಪುರದ ನಮ್ಮ ಮನೆಯ ಟಿವಿಯಲ್ಲಿ ‘ಆಪ್ತಮಿತ್ರ’ ಬಂದಾಗಲೆಲ್ಲ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದರು. ಹೆದರಿಕೆ ಎಂದುಕೊಂಡಿದ್ದೆ. ಅವರ ತಂಗಿಗೆ ಮದುವೆಯಾದ ವರ್ಷವೇ ‘ಎಂತದೋ ಹಿಡಿದಿತ್ತು’ ಎಂಬುದು ಗೊತ್ತಾದದ್ದು ನಾನು ಕಾಲೇಜು ಸೇರಿದ ಮೇಲೆ. ಅಂತ್ರ ಕಟ್ಟಿಸಿದರಂತೆ, ಬೆತ್ತದಲ್ಲಿ ಹೊಡೆಸಿದರಂತೆ. ಗಂಡನ ಮನೆಯಲ್ಲಿ ಏನಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. “ರಾತ್ರಿ ಇಡೀ ಅದ್ ಮರ್ಕ್ತಿತ್ತ್” ಎಂದರು ಅಜ್ಜಿ. ನಮ್ಮ ಕುಂದಗನ್ನಡದಲ್ಲಿ ಮನೆಯ ಹೆಣ್ಣುಮಗಳೂ ‘ಅದು’, ಭೂತವೂ ‘ಅದು’. ಅತ್ತದ್ದು ಯಾರು?

ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004), ಮಲಯಾಳದ ‘ಮಣಿಚಿತ್ರತಾಳ್’ (1993) ಚಿತ್ರದ ಮರುರೂಪ. ಅದು ನಮ್ಮನ್ನು ಹೆದರಿಸಿ, ಕೊನೆಗೆ ಹೆದರಿಕೆಯನ್ನೇ ಕಿತ್ತುಕೊಳ್ಳುತ್ತದೆ: ನಾಗವಲ್ಲಿ ದೆವ್ವವಲ್ಲ, ಗಂಗಾಳ ಮನಸ್ಸಿನ ಗಾಯ. ಅಲ್ಲಿ ಮನೋವೈದ್ಯನ ಜೊತೆ ಮಂತ್ರವಾದಿ ಆಚಾರ್ಯರೂ ಕೈಜೋಡಿಸುತ್ತಾರೆ. ರೋಗಿಗೆ ಸುಳ್ಳು ನಾಟಕವಾಡಿ ಗುಣಪಡಿಸುವುದು ಸರಿಯೇ ಎಂಬ ಪ್ರಶ್ನೆ ಇದ್ದೇ ಇದೆ; ಆದರೂ ಆ ಸುಳ್ಳಿಗೆ ಮೊದಲು ಒಬ್ಬ ಕೂತು ಅವಳ ಕಥೆಯನ್ನು ಹುಡುಕಿದ್ದಾನೆ.

2010ರ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯನ್ನು ಕೊಂದ ರಾಜ ನೂರು ವರ್ಷ ದಾಟಿಯೂ ಜೀವಂತ! ಮೊದಲ ಭಾಗ ಗಳಿಸಿದ್ದನ್ನು ಎರಡನೆಯದು ಕಳೆಯಿತು ಎಂದು ನಾನು ಬಹಳ ದಿನ ವಾದಿಸುತ್ತಿದ್ದೆ. (ಈ ಎರಡನ್ನು ತಣ್ಣಗೆ ತೂಗುವುದೂ ಸುಲಭವಲ್ಲ. ಮೊದಲನೆಯದು ತೆರೆಗೆ ಬರುವ ಮುನ್ನ ಸೌಂದರ್ಯ ಹೋಗಿದ್ದರು, ಎರಡನೆಯದಕ್ಕೆ ಮುನ್ನ ವಿಷ್ಣುವರ್ಧನ್.)

ಈಗ ಅಷ್ಟು ಖಾತ್ರಿಯಿಲ್ಲ. ಮೊದಲ ಚಿತ್ರದಲ್ಲಿ ಚಿಕಿತ್ಸೆ ಬೇಕಾದದ್ದು ಹೆಣ್ಣಿಗೆ. ಕೊಂದವನು ಹಳೆಯ ಕಥೆಯಾಗಿಬಿಟ್ಟಿದ್ದಾನೆ, ಅವನ ಬದಲು ಒಂದು ಬೊಂಬೆ ಸತ್ತರೆ ಸಾಕು. ಎರಡನೆಯದು, ಎಷ್ಟೇ ಒರಟಾಗಿದ್ದರೂ, ಅವನು ಇನ್ನೂ ಇದ್ದಾನೆ ಎನ್ನುತ್ತದೆ. ಅದು ಎಡವುವುದು ಅವನನ್ನು ಜಡೆಗಟ್ಟಿದ ರಾಕ್ಷಸನಾಗಿಸಿ ದೂರದ ಕೋಟೆಯಲ್ಲಿ ಕೂರಿಸಿದ್ದರಲ್ಲಿ. ಅಂಥವನು ನಮ್ಮ ಮನೆಯವನಲ್ಲ ಎಂದು ನಾವು ನಿಶ್ಚಿಂತೆಯಿಂದ ಎದ್ದು ಬರಬಹುದು.

ಸಣ್ಣಜ್ಜಿ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ಗಂಡ ತೊಂಬತ್ತು ದಾಟಿ ಬದುಕಿದರು. ಬಿಳಿ ಪಂಚೆ, ಮೆದು ಮಾತು. ಊರಿನ ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ನಾನೂ ಅವರ ಕಾಲಿಗೆ ಬಿದ್ದು ಆಶೀರ್ವಾದ ಪಡೆದಿದ್ದೇನೆ.