ತುತ್ತು ಯಾರ ಹಸಿವಿಗೆ?

ಕೇಳಿದ ಪ್ರಶ್ನೆ ಬಿಟ್ಟು ನಮಗೆ ಗೊತ್ತಿರುವುದಕ್ಕೆ ಉತ್ತರ ಹೇಳುವುದರಲ್ಲಿ ನಾವು ವೈದ್ಯರು ನಿಪುಣರು. ಮಿದುಳಿನ ತೊಂದರೆಯಿಂದ ಸರಿಯಾಗಿ ನುಂಗಲಾಗದ ಮಗು. ಉಣಿಸಿದ್ದು ಶ್ವಾಸಕೋಶಕ್ಕಿಳಿದು ಮೇಲಿಂದ ಮೇಲೆ ನ್ಯುಮೋನಿಯಾ. ಹೊಟ್ಟೆಗೆ ಟ್ಯೂಬ್ ಇಡೋಣವೆಂದೆವು. ಊರಿಂದ ಬಂದಿದ್ದ ಅಜ್ಜಿ, “ನಾಲಿಗೆಗೆ ರುಚಿ ಹತ್ತದ ಊಟ ಅದ್ಯಾವ ಊಟ ಡಾಕ್ಟ್ರೇ?” ಎಂದರು. ನಾವು ಹೇಳಿದ್ದು, “ಗಾಯ ಬಹಳ ಸಣ್ಣದು, ಅಮ್ಮ” ಎಂದು!

ಸಣ್ಣದೇನೋ ನಿಜ. ಹಿಂದೆ ಹೊಟ್ಟೆ ಕೊಯ್ದೇ ಟ್ಯೂಬ್ ಇಡಬೇಕಿತ್ತು. 1979ರಲ್ಲಿ ಈ ದೇಶದ ಕ್ಲೀವ್‌ಲ್ಯಾಂಡಿನಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಎಂಬ ವೈದ್ಯರು ಬಾಯಿಂದ ಎಂಡೋಸ್ಕೋಪ್ ಇಳಿಸಿ, ಅದರ ಬೆಳಕು ಚರ್ಮದ ಮೇಲೆ ಕಂಡಲ್ಲಿ ಸೂಜಿ ಚುಚ್ಚಿದರು. ಸೂಜಿಯೊಳಗಿಂದ ಬಿಟ್ಟ ದಾರವನ್ನು ಬಾಯಿಗೆ ತಂದು, ಅದಕ್ಕೆ ಟ್ಯೂಬ್ ಕಟ್ಟಿ ಕೆಳಗೆಳೆದು ಕೂರಿಸಿದರು. ಮೊದಲ ರೋಗಿ ಹಸುಗೂಸೇ. ಇದರ ಹೆಸರು ‘ಪೆಗ್’. (ಶನಿವಾರದ ಪಾರ್ಟಿಯ ಪೆಗ್ ಅಲ್ಲ!)

ಆದರೆ ತೂತು ಚಿಕ್ಕದಾದಂತೆ ನಿರ್ಧಾರವೂ ಚಿಕ್ಕದೆಂದು ನಾವು ಭಾವಿಸಿಬಿಟ್ಟಿದ್ದೇವೆ. ತಾಯಿಗೆ ಅದು ತುತ್ತಿಡುವ ಕೈಯನ್ನೇ ಕಿತ್ತುಕೊಂಡಂತೆ. ಹಾಗೆಂದು ಅವಳ ಸಮಾಧಾನಕ್ಕಾಗಿ ಮಗು ಕೆಮ್ಮುತ್ತ, ಉಸಿರು ಸಿಕ್ಕಿಕೊಳ್ಳುತ್ತ ಗಂಟೆಗಟ್ಟಲೆ ಉಣ್ಣಬೇಕೆ? ಆ ತುತ್ತು ಯಾರ ಹಸಿವಿಗೆ? ಕಟುವಾದ ಪ್ರಶ್ನೆ, ಕೇಳದೆ ವಿಧಿಯಿಲ್ಲ. ನಮ್ಮ ಮಟ್ಟಿಗೆ ಮಗುವಿನ ಉಸಿರೇ ಮೊದಲು.

ಅಜ್ಜಿ ಕೇಳಿದ್ದಕ್ಕೂ ಉತ್ತರವಿತ್ತು. ನುಂಗುವುದನ್ನು ಪರೀಕ್ಷಿಸಿ, ಅಪಾಯವಿಲ್ಲವೆನಿಸಿದರೆ ನಾಲಿಗೆಗೆ ಒಂದಿಷ್ಟು ರುಚಿ ತೋರಿಸಬಹುದು. ಅಂದೇ ಹೇಳಬೇಕಿತ್ತು. ಹೇಳಿದ್ದು ಟ್ಯೂಬ್ ಇಟ್ಟು ಆರು ವಾರವಾದ ಮೇಲೆ, ಅವರೇ ಮತ್ತೆ ಕೇಳಿದಾಗ. ಆ ಯುಗಾದಿಗೆ ಹೋಳಿಗೆಯ ಹೂರಣವನ್ನು ಬೆರಳ ತುದಿಯಿಂದ ಸವರಿದರಂತೆ. ಮಗು ಚಪ್ಪರಿಸಿತಂತೆ.