ಕಾಣದವರೊಡನೆ ಭಾಷಾಸಮಿತಿ

ಜೈನ ಮುನಿಗಳು ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡುತ್ತಾರೆ. ಕತ್ತಲಲ್ಲಿ ಜೀವಿಗಳು ಕಾಣವಾದುದರಿಂದ ರಾತ್ರಿ ವಿಹಾರ ಮಾಡುವುದಿಲ್ಲ. ಇದು ಈರ್ಯಾಸಮಿತಿ. ಅದರ ಮಗ್ಗುಲಲ್ಲೇ ಭಾಷಾಸಮಿತಿಯಿದೆ. ಹಿತವಾಗಿ, ಮಿತವಾಗಿ, ಸಂದೇಹಕ್ಕೆಡೆಯಿಲ್ಲದಂತೆ ನುಡಿಯುವುದು ಅದರ ಸ್ವರೂಪ.

ಇವೆರಡನ್ನೂ ಕೂಡಿಸಿ ನೆನೆಯುವ ಪ್ರಸಂಗ ಗೃಹಸ್ಥರಿಗೂ ಒದಗಿದೆ. 2020ರ ಲಾಕ್‌ಡೌನಿನ ತರುವಾಯ ಅನೇಕ ಮನೆಗಳಲ್ಲಿ ಕಚೇರಿಯ ಕೆಲಸ ಕಂಪ್ಯೂಟರಿನ ಪರದೆಯ ಮೇಲೆಯೇ ಸಾಗುತ್ತಿದೆ. ಬೇರೆ ಬೇರೆ ಊರುಗಳಲ್ಲಿರುವವರು ಒಂದೇ ತಂಡವಾಗಿ ದುಡಿಯುತ್ತಾರೆ. ಬಸದಿಯ ಟ್ರಸ್ಟಿನ ಚರ್ಚೆಗಳೂ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿವೆ.

ಪರರ ಭಾವವನ್ನರಿತು ತನ್ನ ಭಾವವನ್ನು ತಿದ್ದಿಕೊಳ್ಳುವ ಶಕ್ತಿಯನ್ನು 1990ರಲ್ಲಿ ಪೀಟರ್ ಸಾಲೋವೆ ಮತ್ತು ಜಾನ್ ಮೇಯರ್ ‘ಭಾವನಾತ್ಮಕ ಬುದ್ಧಿಮತ್ತೆ’ ಎಂದು ವಿವರಿಸಿದರು. ಎದುರಿಗಿರುವವನ ಮುಖ ಬಾಡಿದರೆ ನಮ್ಮ ಮಾತು ತಾನಾಗಿ ತಗ್ಗುತ್ತದೆ. ಲಿಖಿತ ಸಂದೇಶದಲ್ಲಿ ಆ ತಡೆಯಿಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮೊದಲಾದವರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಮ್ಮ ಇಮೇಲಿನ ಮಾತು ವ್ಯಂಗ್ಯವೋ ಗಂಭೀರವೋ ಎಂಬುದನ್ನು ಓದುವವರು ಶೇ. 78ರಷ್ಟು ಸಲ ಗುರುತಿಸುವರೆಂದು ಬರೆದವರು ಎಣಿಸಿದ್ದರು. ಸರಿಯಾಗಿ ಗುರುತಿಸಿದ್ದು ಶೇ. 56ರಷ್ಟು ಮಾತ್ರ.

ಹೀಗಿರುವಾಗ ‘ನೋಯಿಸುವ ಉದ್ದೇಶವಿರಲಿಲ್ಲ’ ಎಂಬ ಸಮಾಧಾನ ಸಾಕೇ? ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಪ್ರಮಾದದೊಡನೆ ಕೂಡಿಸಿ ಹೇಳಿದ್ದಾರೆ. ಎಚ್ಚರದಿಂದಿದ್ದರೂ ಅರಿಯದೆ ಆದ ನೋವು ಬೇರೆ, ಎಚ್ಚರಗೇಡಿತನದ ಮಾತಿನಿಂದಾದ ನೋವು ಬೇರೆ. ಕೇಳುವವನ ಮುಖ ಕಾಣದಿದ್ದರೆ, ಕತ್ತಲೆಯ ನೆಲದಲ್ಲಿರುವಂತೆ, ಎಚ್ಚರ ಹೆಚ್ಚಬೇಕು.

ಹಾಗಾದರೆ ಮೌನವೇ ಲೇಸಲ್ಲವೇ? ವಚನಗುಪ್ತಿ ಹಿರಿದಾದುದು, ನಿಜ. ಆದರೆ ಉತ್ತರಕ್ಕಾಗಿ ಕಾದಿರುವ ಸಹೋದ್ಯೋಗಿಗೆ ಮೌನವು ತಿರಸ್ಕಾರವಾಗಿ ತೋರಬಹುದು. ತಂಡಕ್ಕೆ ಹೊಸದಾಗಿ ಸೇರಿದ ತರುಣನು ತನ್ನ ತಪ್ಪೇನೆಂದು ತಿಳಿಯದೆ ರಾತ್ರಿಯಿಡೀ ತಳಮಳಿಸಬಹುದು. ‘ನಾಳೆ ನೋಡಿ ತಿಳಿಸುತ್ತೇನೆ’ ಎಂಬ ಒಂದು ಸಾಲು ಅವನ ನಿದ್ರೆಯನ್ನು ಕಾಯುತ್ತದೆ.

ಗೃಹಸ್ಥನು ಕತ್ತಲೆಂದು ವ್ಯವಹಾರವನ್ನು ನಿಲ್ಲಿಸಲಾರ, ಬೆಳಕನ್ನು ತಂದುಕೊಳ್ಳಬಲ್ಲ. ಕೋಪದಲ್ಲಿ ಬರೆದುದನ್ನು ಬೆಳಗಿನವರೆಗೆ ಕಳುಹಿಸದಿರುವುದು, ಒಬ್ಬನ ದೋಷವನ್ನು ಗುಂಪಿನಲ್ಲಿ ಸಾರದೆ ಅವನಿಗೇ ಫೋನಿನಲ್ಲಿ ತಿಳಿಸುವುದು, ಮಾತಿನ ಅರ್ಥ ಸಂದಿಗ್ಧವಾದಾಗ ಕೆಟ್ಟದ್ದನ್ನು ಊಹಿಸದೆ ಕೇಳಿ ತಿಳಿಯುವುದು ಇವೇ ಆ ಬೆಳಕು.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ಸಂದೇಶ ನೂರಾರು ಜನರಿಗೆ ಒಮ್ಮೆಲೇ ಹೋಗುತ್ತದೆ. ನಿಜವಾಗಿ ನೊಂದ ಸಹೋದ್ಯೋಗಿ ಅವರಲ್ಲಿ ಇಲ್ಲದಿರಬಹುದು. ಅವನನ್ನು ಹೆಸರು ಹಿಡಿದು ಕರೆದು ಕೇಳುವ ಒಂದು ಕ್ಷಮೆ ಆ ನೂರು ಸಂದೇಶಗಳಿಗಿಂತ ಮಿಗಿಲು.